ಸುಣ್ಣ ಕಾಣದ ಗೋಡೆ

ಮುನೇಶ ತನ್ನ ತಾಯಿಗೆಂದು ಕಟ್ಟಿಸಿದ ಮನೆಗೆ ಊರಿನವರು ಇಟ್ಟ ಹೆಸರು ‘ಅರ್ಧ ಮನೆ’. ಹೆಸರಿಡುವ ಕೆಲಸಕ್ಕೆ ನಮ್ಮ ಜನಕ್ಕೆ ಯಾರೂ ಕೂಲಿ ಕೊಡಬೇಕಾಗಿಲ್ಲ. ಆ ಮನೆಯಲ್ಲಿ ಅರ್ಧಕ್ಕೆ ನಿಂತದ್ದು ಯಾವುದೂ ಇರಲಿಲ್ಲ. ತಳಪಾಯದಿಂದ ತಾರಸಿಯವರೆಗೆ ಎಲ್ಲವೂ ಮುಗಿದಿತ್ತು, ಮಳೆಗೆ ಸೋರುತ್ತಿರಲಿಲ್ಲ, ಬೇಸಿಗೆಯಲ್ಲೂ ಒಳಗೆ ತಂಪಾಗಿರುತ್ತಿತ್ತು. ಗೋಡೆಗೆ ಸಿಮೆಂಟಿನ ಪ್ಲಾಸ್ಟರ್ ಇಲ್ಲ, ಅದರ ಮೇಲೆ ಸುಣ್ಣಬಣ್ಣವಿಲ್ಲ, ಅಷ್ಟೇ. ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತಿತ್ತು. ಹಾಗೆ ಕಾಣಲೆಂದೇ ಮುನೇಶ ಅದನ್ನು ಅಷ್ಟು ಮುತುವರ್ಜಿಯಿಂದ ಕಟ್ಟಿಸಿದ್ದ.

ಮಂಡಿಕಲ್ ಕಡೆಯ ಆ ಊರಿನಲ್ಲಿ ಮುನೇಶನವರಿದ್ದ ಕಾಲೋನಿ ಊರಿಗೆ ಒಂದು ಕೂಗಳತೆ ದೂರ. ತಂದೆ ಬಯ್ಯಪ್ಪ ಮುನೇಶ ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ತಾಯಿ ಆದಿಲಕ್ಷ್ಮಮ್ಮ ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯಲು ಹೋಗುತ್ತಿದ್ದಳು. ಯುಗಾದಿ ಹತ್ತಿರ ಬಂತೆಂದರೆ ಮಾತ್ರ ಊರಿನೊಳಗಿನ ಮನೆಗಳಿಗೆ ಸುಣ್ಣ ಹೊಡೆಯಲು ಅವಳಿಗೇ ಕರೆ ಬರುತ್ತಿತ್ತು. ಒಳಗೋಡೆಗೆ ಆ ಮನೆಯವರೇ ಬಳಿದುಕೊಳ್ಳುತ್ತಿದ್ದರು. ಹೊರಗೋಡೆ, ಕಾಂಪೌಂಡು, ದನದ ಕೊಟ್ಟಿಗೆ ಇವಳ ಪಾಲು. ಕೈಯಾರೆ ಎಷ್ಟೋ ಮನೆಗಳನ್ನು ಬೆಳ್ಳಗೆ ಮಾಡಿದ ಹೆಂಗಸು ಆ ಮನೆಗಳ ಒಳಗೋಡೆ ಯಾವ ಬಣ್ಣದ್ದೆಂದು ಕಂಡವಳಲ್ಲ. ಅದನ್ನು ಕೇಳುವವರೂ ಇರಲಿಲ್ಲ, ಅವಳು ಹೇಳಿಕೊಂಡವಳೂ ಅಲ್ಲ.

ಸುಣ್ಣದ ವಿಷಯದಲ್ಲಿ ಅವಳದು ದೊಡ್ಡ ಗತ್ತು. ಸುಣ್ಣದ ಕಲ್ಲನ್ನು ಹಂಡೆಯಲ್ಲಿ ಹಾಕಿ ನೀರು ಹುಯ್ದು, ಅದು ಕೊತಕೊತ ಕುದಿದು ತಣ್ಣಗಾದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸುತ್ತಿದ್ದಳು. ಕತ್ತಾಳೆ ನಾರಿನ ಕುಂಚ ಹಿಡಿದು ಮೇಲಿಂದ ಕೆಳಕ್ಕೆ ಎಳೆದರೆ ಮುಗಿಯಿತು, ಮಧ್ಯೆ ಎತ್ತುತ್ತಿರಲಿಲ್ಲ. ಕೊನೆಗೆ ಗೋಡೆಯ ಕಾಲಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಮುಗಿದ ಮೇಲೆ ಬೀದಿಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಯಾರದೋ ಗೋಡೆಯನ್ನು ಸ್ವಂತದ್ದೆಂಬಂತೆ ನೋಡಿಕೊಂಡು ನಿಲ್ಲುತ್ತಿದ್ದಳು.

ಆ ನೋಟವನ್ನು ಮುನೇಶ ಗಮನಿಸಿರಲಿಲ್ಲ. ಅವನು ಗಮನಿಸಿದ್ದು ಅವಳ ಕೈಗಳನ್ನು. ಸುಣ್ಣ ತಿಂದು ಬೆರಳ ಸಂದೆಲ್ಲ ಬಿರಿಯುತ್ತಿತ್ತು. ಹರಳೆಣ್ಣೆ ಹಚ್ಚಿದರೂ ಉರಿ ಇಳಿಯುತ್ತಿರಲಿಲ್ಲ. ಊರಿಗೆಲ್ಲ ಯುಗಾದಿಯಾದರೆ ಅವಳಿಗೆ ಮಾತ್ರ ಒಬ್ಬಟ್ಟಿನ ಸಾರಿಗೆ ಕೈ ಅದ್ದಲಾಗುತ್ತಿರಲಿಲ್ಲ. ಅಕ್ಕ ತನುಜ ಅನ್ನ ಕಲಸಿಕೊಟ್ಟರೆ ಮುನೇಶ ತುತ್ತು ಮಾಡಿ ತಾಯಿಯ ಬಾಯಿಗಿಡುತ್ತಿದ್ದ. ಅವಳು ನಗುನಗುತ್ತಾ ತಿನ್ನುತ್ತಿದ್ದಳು, ಅವನಿಗೆ ಅಳು ಬರುತ್ತಿತ್ತು. ದೊಡ್ಡವನಾದ ಮೇಲೆ ಅಮ್ಮನ ಕೈಗೆ ಸುಣ್ಣ ಸೋಕಬಾರದು ಎಂದು ಹುಡುಗ ಆಗಲೇ ತೀರ್ಮಾನಿಸಿದ್ದ. ಮುಂದೆ ನಡೆದದ್ದೆಲ್ಲ ಆ ಪ್ರೀತಿಯಿಂದಲೇ ನಡೆದದ್ದು. ಪ್ರೀತಿಯಿಂದ ಮಾಡಿದ ತಪ್ಪನ್ನು ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ.

ಮುನೇಶ ಚಿಂತಾಮಣಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಸಿವಿಲ್ ಡಿಪ್ಲೊಮಾ ಮುಗಿಸಿದ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಂದಿ ಬೆಟ್ಟದ ಸುತ್ತ ಬೆಂಗಳೂರಿನವರ ತೋಟದ ಮನೆಗಳು ಏಳತೊಡಗಿದ್ದವು. ಅಂಥ ಮನೆಗಳ ನಕ್ಷೆ ಮಾಡುವ ಆರ್ಕಿಟೆಕ್ಟ್ ಶೈಲಜಾ ಮೇಡಂ ಚಿಕ್ಕಬಳ್ಳಾಪುರದಲ್ಲಿ ಒಂದು ಆಫೀಸು ಮಾಡಿದ್ದರು. ಮುನೇಶ ಅಲ್ಲಿ ನಕ್ಷೆ ಬರೆಯುವ, ಸೈಟು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಮೇಡಂ ಒಳ್ಳೆಯವರು. ವಾರಕ್ಕೆರಡು ದಿನ ಕಾಲೇಜಿನಲ್ಲಿ ಪಾಠವನ್ನೂ ಹೇಳುತ್ತಿದ್ದರು. ಪಾಠ ಹೇಳುವವರಿಗೆ ಕೇಳುವ ಕಿವಿ ಸಿಕ್ಕರೆ ಬೇರೇನು ಬೇಕು, ಟೀ ಹೊತ್ತಿನಲ್ಲಿ ಮುನೇಶನಿಗೂ ಹೇಳತೊಡಗಿದರು.

ಚಂಡೀಗಢವನ್ನು ಕಟ್ಟಿದ ಕಾರ್ಬುಸಿಯೆ ಮನೆಯೆಂದರೆ ವಾಸಕ್ಕೊಂದು ಯಂತ್ರ ಎಂದಿದ್ದನಂತೆ. ಇನ್ನೊಬ್ಬ ದೊಡ್ಡ ಮನುಷ್ಯ ಕಡಿಮೆಯಿದ್ದಷ್ಟೂ ಹೆಚ್ಚು ಎನ್ನುತ್ತಿದ್ದನಂತೆ. ಅಹಮದಾಬಾದಿನಲ್ಲಿ ಇಟ್ಟಿಗೆಯಲ್ಲೇ ಕಾಲೇಜು ಕಟ್ಟಿದ ಲೂಯಿ ಕಾನ್ ಇಟ್ಟಿಗೆಯನ್ನು ನಿನಗೇನು ಬೇಕಪ್ಪ ಎಂದು ಕೇಳಬೇಕು, ಅದು ನನಗೆ ಕಮಾನು ಬೇಕು ಅನ್ನುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದನಂತೆ. ಇವರೆಲ್ಲರಿಗಿಂತ ಮುನೇಶನ ಮನಸ್ಸಿಗೆ ಹತ್ತಿರವಾದವನು ಕೇರಳದಲ್ಲಿ ನೆಲೆ ನಿಂತ ಇಂಗ್ಲೆಂಡಿನ ಲಾರಿ ಬೇಕರ್. ಬಡವರ ಮನೆಯನ್ನೂ ಬುದ್ಧಿ ಖರ್ಚು ಮಾಡಿ ಕಟ್ಟಬೇಕು, ಇಟ್ಟಿಗೆ ತಾನೇ ಚೆಂದವಾಗಿರುವಾಗ ಅದರ ಮುಖಕ್ಕೆ ಸಿಮೆಂಟು ಮೆತ್ತುವುದು ದಂಡ ಎಂಬುದು ಅವನ ಮತ. ಮೇಡಂ ಒಮ್ಮೆ ಮಾತಿನ ನಡುವೆ, ‘ಪ್ಲಾಸ್ಟರ್ ಮಾಡದ ಗೋಡೇನ ವರ್ಷ ವರ್ಷ ಬಳಿಯೋ ಕೆಲಸ ಇಲ್ಲ ಮುನೇಶ್, ಜನ್ಮಪೂರ್ತಿ ನಿಶ್ಚಿಂತೆ’ ಅಂದರು. ಮುನೇಶ ಟೀ ಲೋಟ ಕೆಳಗಿಟ್ಟ. ತಾಯಿಯ ಬಿರಿದ ಬೆರಳುಗಳು ಅವನ ಕಣ್ಣ ಮುಂದೆ ಬಂದಿದ್ದವು. ಅವನು ಹುಡುಕುತ್ತಿದ್ದ ಗೋಡೆ ಸಿಕ್ಕಿತ್ತು.

ಸರ್ಕಾರದ ಮನೆ ಮಂಜೂರಾತಿಗೆ ತನ್ನ ದುಡಿಮೆಯನ್ನೂ ಸೇರಿಸಿ ಮುನೇಶ ಹಳೇ ಮಣ್ಣಿನ ಗುಡಿಸಲಿದ್ದ ಜಾಗದಲ್ಲೇ ತಳಪಾಯ ಹಾಕಿಸಿದ. ಇಟ್ಟಿಗೆಯನ್ನು ಒಂದೊಂದಾಗಿ ಆರಿಸಿದ. ನಡುವೆ ಪೊಳ್ಳು ಬಿಟ್ಟು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಕಟ್ಟುವ ಬೇಕರನ ವಿಧಾನವನ್ನು ಮೇಸ್ತ್ರಿ ಮುನಿಗಂಗಪ್ಪನಿಗೆ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟ. ಮುಂಬಾಗಿಲಿಗೆ ಕಮಾನು, ಪಡಸಾಲೆಗೆ ಗಾಳಿ ಬೆಳಕು ಆಡುವಂತೆ ಇಟ್ಟಿಗೆಯದೇ ಜಾಲರಿ. ಆದಿಲಕ್ಷ್ಮಮ್ಮ ತಲೆಯ ಮೇಲೆ ನೀರು ಹೊತ್ತು ದಿನಾ ಗೋಡೆ ನೆನೆಸಿದಳು. ಗೋಡೆ ಎದೆಯೆತ್ತರ ಬಂದಾಗ ಅದನ್ನು ಅಂಗೈಯಿಂದ ಸವರಿ ನೋಡಿದಳು. ಮಗು ಹುಟ್ಟುವ ಮೊದಲೇ ಅಂಗಿ ಹೊಲಿಯುವವರಂತೆ ಅವಳು ಆಗಲೇ ಚಿಕ್ಕಬಳ್ಳಾಪುರದ ಸಂತೆಯಲ್ಲಿ ಸುಣ್ಣದ ಕಲ್ಲು ವಿಚಾರಿಸಿ ಬಂದಿದ್ದಳು.

ತಾರಸಿ ಬಿದ್ದ ವಾರಕ್ಕೆ ಅವಳು ಕೇಳಿದಳು: ‘ಪ್ಲಾಸ್ಟ್ರಿಂಗ್ ಯಾವಾಗಪ್ಪ ಮುನೇಶಪ್ಪ?’

‘ಪ್ಲಾಸ್ಟ್ರಿಂಗ್ ಇಲ್ಲಮ್ಮ. ಇದು ಹಿಂಗೇ ಇರೋದು.’

‘ಹಿಂಗೇ ಅಂದ್ರೆ?’

ಮುನೇಶ ಉತ್ಸಾಹದಿಂದ ಎಲ್ಲ ಬಿಡಿಸಿ ಹೇಳಿದ. ಇಟ್ಟಿಗೆಯನ್ನು ಕೇಳಿದ ಕಾನ್‌ನ ಕಥೆ ಹೇಳಿದ, ಬೇಕರನ ಕಥೆ ಹೇಳಿದ, ಕಡಿಮೆಯಿದ್ದಷ್ಟೂ ಹೆಚ್ಚು ಅನ್ನುವುದನ್ನೂ ಹೇಳಿದ. ಆದಿಲಕ್ಷ್ಮಮ್ಮ ಅದೊಂದಕ್ಕೆ ನಕ್ಕಳು: ‘ಅದನ್ನ ನಮಗೆ ಹೊರದೇಶದೋರು ಬಂದು ಹೇಳ್ಕೊಡ್ಬೇಕೇನಪ್ಪ?’

‘ತಮಾಷೆ ಅಲ್ಲಮ್ಮ. ಗೋಡೆ ಮೇಲೆ ಸಿಮೆಂಟು, ಅದ್ರ ಮೇಲೆ ಬಣ್ಣ, ಎಲ್ಲಾ ಬರೀ ಶೋಕಿ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಂಗೆ.’

‘ಹೊಟ್ಟೆಗೆ ಹಿಟ್ಟು ಈಗ ಐತಲ್ಲಪ್ಪ’ ಎಂದಳು ಆದಿಲಕ್ಷ್ಮಮ್ಮ ಮೆಲ್ಲಗೆ. ‘ಒಂದು ಮೊಳ ಮಲ್ಲಿಗೆ ಮುಡೀಬಾರ್ದಾ?’

ಮುನೇಶ ಆ ಮಾತಿಗೂ ನಕ್ಕುಬಿಟ್ಟ. ಅವಳ ಎರಡೂ ಕೈ ಹಿಡಿದುಕೊಂಡು, ‘ಇನ್ನು ನಿಂಗೆ ಸುಣ್ಣದ ಕಾಟ ಇಲ್ಲಮ್ಮ. ಈ ಕೈ ಇನ್ನು ಉರಿಯಲ್ಲ’ ಅಂದ. ಮಗನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ಯಾವ ತಾಯಿ ತಾನೆ ಏನು ಹೇಳಿಯಾಳು? ‘ಹಂಗೇ ಆಗ್ಲಿ ಬಿಡಪ್ಪ’ ಅಂದಳು.

ಅವಳ ದನಿಯಲ್ಲಿ ಹುರುಪಿಲ್ಲದ್ದು ಮುನೇಶನಿಗೆ ಒಂದೆರಡು ದಿನ ಚುಚ್ಚಿತು. ಭಾನುವಾರ ಅವಳನ್ನು ನಂದಿ ತಪ್ಪಲಿನ ಒಂದು ತೋಟದ ಮನೆಗೆ ಕರೆದುಕೊಂಡು ಹೋದ. ಬೆಂಗಳೂರಿನ ದೊಡ್ಡ ಶ್ರೀಮಂತರೊಬ್ಬರಿಗೆ ಮೇಡಂ ಕಟ್ಟಿಸಿದ ಮನೆ ಅದು. ಅದರ ಗೋಡೆಗೂ ಪ್ಲಾಸ್ಟರ್ ಇರಲಿಲ್ಲ. ‘ನೋಡಮ್ಮ, ಇಂಥ ಸಾಹುಕಾರ್ರೇ ಹಿಂಗೆ ಬಿಟ್ಟವ್ರೆ’ ಅಂದ. ಆದಿಲಕ್ಷ್ಮಮ್ಮ ಮನೆಯ ಸುತ್ತ ಒಂದು ಸುತ್ತು ಬಂದು, ಹುಲ್ಲುಹಾಸನ್ನೂ ಎರಡು ಕಾರುಗಳನ್ನೂ ನೋಡಿದಳು.

‘ಚೆನ್ನಾಗೈತೆ ಕಣಪ್ಪ. ಅವ್ರಿಗೆ ಸರಿಹೋಗ್ತದೆ’ ಅಂದಳು. ‘ಗೋಡೆ ಹಿಂಗಿದ್ರೂ ಅವ್ರನ್ನ ಯಾರೂ ಇಲ್ದೋರು ಅನ್ನಲ್ಲ.’

ಮುನೇಶ ಆ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡ. ನಮಗೆ ಬೇಕಾದಷ್ಟೇ ಕೇಳಿಸಿಕೊಳ್ಳುವ ಕಿವಿ ದೇವರು ಎಲ್ಲರಿಗೂ ಕೊಟ್ಟಿದ್ದಾನೆ.

ಗೃಹಪ್ರವೇಶಕ್ಕೆ ಕಾಲೋನಿಯೆಲ್ಲ ಬಂದಿತ್ತು. ಊರಿನವರಲ್ಲಿ ಕೆಲವರು ಬೀದಿಯಲ್ಲೇ ನಿಂತು ಕೈಮುಗಿದು, ತಾಂಬೂಲ ತೆಗೆದುಕೊಂಡು ಹೋದರು. ಅವರಲ್ಲೊಬ್ಬರು, ‘ಪಾಪ, ಕೈ ಸಾಲಲಿಲ್ಲ ಅಂತ ಕಾಣ್ತದೆ. ಇಷ್ಟಾದ್ರೂ ಆಯ್ತಲ್ಲ’ ಎಂದದ್ದು ಒಳಗಿದ್ದ ಆದಿಲಕ್ಷ್ಮಮ್ಮನ ಕಿವಿಗೂ ಬಿತ್ತು. ಆಮೇಲೆ ಬಂದವರಿಗೆಲ್ಲ ಅವಳೇ ಮುಂದಾಗಿ ಹೇಳತೊಡಗಿದಳು: ‘ಇನ್ನೂ ಒಸಿ ಕೆಲ್ಸ ಐತೆ ಕಣಮ್ಮ. ಮಾಡಿಸ್ತಾನೆ ನನ್ ಮಗ.’

ಮುನೇಶ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿಗೆ ಹಾರ ಹಾಕುತ್ತಿದ್ದವನು ತಿರುಗಿ ಬಂದು, ‘ಯಾವ್ ಕೆಲಸ ಐತಮ್ಮ? ಎಲ್ಲಾ ಮುಗ್ದದೆ. ಯಾಕೆ ಸುಳ್ಳು ಹೇಳ್ತೀಯ?’ ಎಂದು ನೆಂಟರ ಮುಂದೆಯೇ ಗದರಿದ. ಅವಳು ಮತ್ತೆ ಹಾಗೆ ಹೇಳಲಿಲ್ಲ. ಯಾರಾದರೂ ಗೋಡೆಯ ಮಾತು ತೆಗೆದರೆ ಒಳಗೆ ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು.

ಮುಂದಿನ ಯುಗಾದಿ ಬಂತು. ಆದಿಲಕ್ಷ್ಮಮ್ಮ ಎಂದಿನಂತೆ ಕುಂಚ ಹಿಡಿದು ಊರೊಳಕ್ಕೆ ಹೊರಟಳು. ಅದು ಮುನೇಶನಿಗೆ ತಿಳಿದದ್ದು ಸಂಜೆ ಅವಳ ಕೈ ನೋಡಿದಾಗ.

‘ನಾನು ಇಷ್ಟೆಲ್ಲಾ ಮಾಡಿದ್ದು ಯಾಕಮ್ಮ? ಇನ್ನೊಬ್ರ ಗೋಡೆ ಬಳಿಯೋ ಕರ್ಮ ನಿಂಗ್ಯಾಕೆ?’

‘ಸುಮ್ನೆ ಕುಂತ್ರೆ ಕೈ ಜಡ ಆಯ್ತದಪ್ಪ’ ಅಂದಳು. ಆ ರಾತ್ರಿ ಅವನೇ ಹಟ ಹಿಡಿದು ಅವಳಿಗೆ ತುತ್ತು ತಿನ್ನಿಸಿದ. ತಿನ್ನಿಸುವಾಗಲೂ ಬೈಯುತ್ತಿದ್ದ. ಯಾಕೆ ಹೋದೆ ಎಂದು ಹತ್ತು ಸಲ ಗದರಿದವನಿಗೆ ಒಂದು ಸಲವಾದರೂ ಅದನ್ನು ನಿಜವಾಗಿ ಕೇಳಬೇಕೆಂದು ತೋಚಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೊಂದು ದಿನ ಶೈಲಜಾ ಮೇಡಂ, ‘ನಿಮ್ಮ ಮನೇನ ನನ್ನ ವಿದ್ಯಾರ್ಥಿಗಳು ನೋಡಬೇಕು ಮುನೇಶ್. ಬೇಕರ್ ಹೇಳಿದ್ದನ್ನ ಹಳ್ಳೀಲಿ ಒಬ್ಬ ಮಗ ತನ್ನ ತಾಯಿಗೋಸ್ಕರ ಮಾಡಿದಾನೆ ಅಂತ ತೋರಿಸ್ತೀನಿ’ ಅಂದರು. ಮುನೇಶನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಲೋನಿಯ ಆ ಬೀದಿಗೆ ಓದಿದವರು ಬಂದದ್ದೆಲ್ಲ ಓಟು ಕೇಳಲು, ಇಲ್ಲ ಜನಗಣತಿಗೆ. ಒಂದು ಮನೆಯನ್ನು ಚೆಂದವೆಂದು ನೋಡಲು ಯಾರೂ ಬಂದಿರಲಿಲ್ಲ.

ಅವರು ಬರುವ ದಿನ ಬೆಳಗ್ಗೆ ಮನೆಯ ಸುತ್ತ ಗುಡಿಸುತ್ತಾ ಅವನು ಹಿತ್ತಿಲಿಗೆ ಹೋದ. ನೀರೊಲೆಯ ಹಿಂದಿನ ಗೋಡೆಗೆ ಎರಡು ಸೌದೆ ಹೊರೆ ಒರಗಿಸಿತ್ತು. ಹೊರೆ ಸರಿಸಿದರೆ ಹಿಂದೆ ಒಂದಾಳೆತ್ತರ ಗೋಡೆ ಬೆಳ್ಳಗಿತ್ತು. ಬರೀ ಇಟ್ಟಿಗೆಯ ಮೇಲೆ ಸುಣ್ಣ ನಯವಾಗಿ ನಿಂತಿರಲಿಲ್ಲ. ಸಂದುಗಳಲ್ಲಿ ಗಡ್ಡೆಗಟ್ಟಿ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಆದರೂ ಬಿಡದೆ ಮತ್ತೆ ಮತ್ತೆ ಬಳಿದದ್ದು ಕಾಣುತ್ತಿತ್ತು. ಕೆಳಗೆ ನೆಟ್ಟಗೆ ಎಳೆದ ಕೆಮ್ಮಣ್ಣಿನ ಪಟ್ಟಿ.

‘ಅಮ್ಮಾ!’ ಎಂದು ಕೂಗಿದ. ಅವಳು ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಳು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ.

‘ಮಿಕ್ಕಿತ್ತು ಕಣಪ್ಪ. ಒಸಿ ಸುಣ್ಣ ಮಿಕ್ಕಿತ್ತು, ಚೆಲ್ಲೋಕೆ ಮನ್ಸು ಬರ್ಲಿಲ್ಲ’ ಅಂದಳು.

‘ಇನ್ನೊಂದ್ ಗಂಟೆಗೆ ಅವ್ರೆಲ್ಲಾ ಬರ್ತಾರೆ. ಸುತ್ತಾ ಬಂದು ನೋಡ್ತಾರಮ್ಮ! ಏನಂತ ಹೇಳ್ಲಿ ನಾನು?’

ಅವನು ತಂತಿ ಬ್ರಷ್ಷು ತಂದು ಗೋಡೆ ಉಜ್ಜತೊಡಗಿದ. ಒಣಗಿದ ಸುಣ್ಣ ಸುಲಭಕ್ಕೆ ಬಿಡಲಿಲ್ಲ. ಆದಿಲಕ್ಷ್ಮಮ್ಮ ಒಳಗೆ ಹೋಗಿ ಒಂದು ಬಿಂದಿಗೆ ನೀರು ತಂದಳು. ‘ನೆನೆಸ್ಕಂಡು ಉಜ್ಜಪ್ಪ, ಬೇಗ ಬಿಡ್ತದೆ’ ಎಂದು ಅವನು ಉಜ್ಜುವ ಕಡೆಗೆಲ್ಲ ಚೊಂಬಿನಲ್ಲಿ ನೀರು ಹಾಕುತ್ತಾ ಹೋದಳು. ಬೆಳ್ಳನೆಯ ನೀರು ಅವಳ ಕಾಲ ಬಳಿಯೇ ಹರಿದು ಮೋರಿ ಸೇರಿತು. ಕೊನೆಗೆ ಕೆಮ್ಮಣ್ಣಿನ ಪಟ್ಟಿಯನ್ನು ಅವಳೇ ಕೂತು ಅಳಿಸಿದಳು.

ಹುಡುಗ ಹುಡುಗಿಯರು ವ್ಯಾನಿನಲ್ಲಿ ಬಂದಿಳಿದರು. ಕಮಾನಿನ ಕೆಳಗೆ ನಿಂತು ಬೆರಗಾದರು, ಜಾಲರಿಯ ನೆರಳನ್ನು ಫೋಟೋ ಹಿಡಿದರು. ಮೇಡಂ ಮುನೇಶನ ಬೆನ್ನು ತಟ್ಟಿದರು. ಒಬ್ಬ ಹುಡುಗಿ ಆದಿಲಕ್ಷ್ಮಮ್ಮನನ್ನು, ‘ಅಜ್ಜಿ, ನಿಮಗೆ ಈ ಮನೆ ಇಷ್ಟಾನಾ?’ ಎಂದು ಕೇಳಿದಳು. ಹಾಗೆ ಅವಳನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಆದಿಲಕ್ಷ್ಮಮ್ಮ ಮಗನ ಕಡೆ ಒಮ್ಮೆ ನೋಡಿದಳು.

‘ತಣ್ಣಗೈತೆ ಕಣಮ್ಮ. ನನ್ ಮಗ ಕಟ್ಟಿದ್ದು’ ಅಂದಳು. ‘ಇಟ್ಟಿಗೇನ ಮುಚ್ಚಬಾರ್ದು. ಅದು ಹಂಗೇ ಚೆಂದ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಮುನೇಶ ಅವತ್ತಿನಷ್ಟು ಸಂತೋಷವನ್ನು ಜೀವನದಲ್ಲಿ ಕಂಡಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಯುಗಾದಿ ಕಳೆದ ಸ್ವಲ್ಪ ದಿನಕ್ಕೇ ಲಾರಿ ಬೇಕರ್ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂತು. ಮುನೇಶ ಮಂಕಾಗಿ ಕೂತ. ಎಂದೂ ಮುಖ ನೋಡದ ಆ ಮುದುಕನಿಗಾಗಿ ಒಂದು ಹೊತ್ತು ಉಪವಾಸವಿದ್ದ. ಆದಿಲಕ್ಷ್ಮಮ್ಮ, ‘ನಿಮ್ ಮೇಷ್ಟ್ರೇನಪ್ಪ?’ ಎಂದು ಕೇಳಿ, ತಾನೂ ಊಟ ಬಿಟ್ಟಳು. ಅವಳ ಕಾಲು ಬಾತುಕೊಳ್ಳತೊಡಗಿದ್ದು ಆಗಲೇ. ದಣಿವು ಅಂದುಕೊಂಡರು. ಚಿಕ್ಕಬಳ್ಳಾಪುರ ಜಿಲ್ಲೆಯಾಯಿತೆಂದು ಎಲ್ಲೆಲ್ಲೂ ಬ್ಯಾನರು ಕಟ್ಟುವ ಹೊತ್ತಿಗೆ ಅವಳನ್ನು ಅಲ್ಲಿನ ಆಸ್ಪತ್ರೆಗೆ ಸೇರಿಸಿದ್ದರು. ಮೂತ್ರಪಿಂಡ ಎರಡೂ ಕೆಟ್ಟಿವೆ, ಕಾಯಿಲೆ ಬಹಳ ಮುಂದಕ್ಕೆ ಹೋಗಿದೆ ಎಂದರು ಡಾಕ್ಟರು.

ಹೆಂಗಸರ ವಾರ್ಡಿನಲ್ಲಿ ತಾಯಿಯ ಜೊತೆ ಉಳಿದವಳು ಚಿಂತಾಮಣಿಯಿಂದ ಬಂದ ತನುಜ. ಮುನೇಶ ಸಂಜೆ ಕೆಲಸ ಮುಗಿಸಿಕೊಂಡು ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಪಕ್ಕದ ಹಾಸಿಗೆಯಲ್ಲಿ ಗೌರಿಬಿದನೂರು ಕಡೆಯ ಕೊಂಡಮ್ಮ ಎಂಬ ಹಿರಿಯ ಹೆಂಗಸು ಇದ್ದಳು. ಅರ್ಧ ಕನ್ನಡ, ಅರ್ಧ ತೆಲುಗಿನ ಮಾತುಗಾರ್ತಿ. ಆದಿಲಕ್ಷ್ಮಮ್ಮ ಅವಳ ಜೊತೆ ಏನೋ ಮೆಲುದನಿಯಲ್ಲಿ ಹೇಳುತ್ತಾ ಇರುತ್ತಿದ್ದಳು. ಮುನೇಶ ಬಂದರೆ ಸುಮ್ಮನಾಗುತ್ತಿದ್ದಳು.

ಒಂದು ಸಂಜೆ ತನುಜ ತಮ್ಮನನ್ನು ಹೊರಗೆ ವರಾಂಡಕ್ಕೆ ಕರೆದಳು.

‘ಲೋ ಮುನೇಶ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಮನೆಗೊಂದು ಪ್ಲಾಸ್ಟ್ರಿಂಗ್ ಮಾಡ್ಸಿ ಸುಣ್ಣ ಹೊಡ್ಸೋ. ಅಮ್ಮ ಮನೆಗೆ ಬಂದು ಅದನ್ನ ಒಂದ್ ಸಲ ನೋಡ್ಲಿ.’

‘ಅಮ್ಮ ಹೇಳಿದ್ಲಾ?’

‘ಅವಳು ಹೇಳ್ತಾಳೇನೋ? ಜನ್ಮ ಎಲ್ಲಾ ಬೇರೇರ ಗೋಡೆ ಬಳ್ದು, ನಮ್ದೂ ಒಂದು ಗೋಡೆ ಆಗ್ಲಿ ಅಂತ ಕಾದಿದ್ಲು. ಆಯ್ತು ಗೋಡೆ. ಸುಣ್ಣ ಮಾತ್ರ ಹತ್ತಲ್ಲ. ಇಟ್ಟಿಗೇನ ಏನು ಬೇಕು ಅಂತ ಕೇಳ್ದೆ ಅಂತ ಎಲ್ಲರ ಮುಂದೆ ಹೇಳ್ಕಂತೀಯಲ್ಲ, ಅಮ್ಮನ್ನ ಕೇಳ್ದೇನೋ ನೀನು?’

ಅಂಥದ್ದೇನಿಲ್ಲ, ಅಕ್ಕನಿಗೆ ಇವೆಲ್ಲ ಅರ್ಥವಾಗುವುದಿಲ್ಲ ಎಂದು ಮುನೇಶನ ಮನಸ್ಸು ಒಂದು ಕಡೆ ವಾದ ಹೂಡಿತು. ಸೌದೆ ಹೊರೆಯ ಹಿಂದಿನ ಗೋಡೆ ಇನ್ನೊಂದು ಕಡೆ ಕಣ್ಣಿಗೆ ಬಂತು. ಒಳಗೆ ಬಂದು ತಾಯಿಯ ಪಕ್ಕ ಕೂತ.

‘ಅಮ್ಮ, ಮನೆಗೆ ಪ್ಲಾಸ್ಟ್ರಿಂಗ್ ಮಾಡಿಸ್ಲಾ? ನಿಂಗೆ ಬೇಕಾ? ನಿಜ ಹೇಳು.’

ಆದಿಲಕ್ಷ್ಮಮ್ಮ ಅವನ ಮುಖ ನೋಡಿದಳು. ಅವನ ದನಿಯಲ್ಲಿ ಕೇಳುವುದಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತು. ಬೇಕು ಅಂದರೆ ತಾನು ನಂಬಿದ್ದೆಲ್ಲ ಕುಸಿಯುತ್ತದಲ್ಲ ಎಂಬ ಅಂಜಿಕೆ. ಹೆತ್ತವಳಿಗೆ ಅದು ತಿಳಿಯದೇ?

‘ಬ್ಯಾಡಪ್ಪ. ಅಷ್ಟು ಜನ ಬಂದು ಫೋಟೋ ತಗಂಡು ಹೋಗವ್ರೆ. ಅದ್ರಾಗೆ ನಿನ್ ಹೆಸ್ರು ಐತೆ. ಇದ್ದಂಗೇ ಇರ್ಲಿ.’

ಮುನೇಶ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವಳು ಬೇಡವೆಂದದ್ದರಿಂದ ಅವನಿಗೆ ಒಳಗೊಳಗೇ ನೆಮ್ಮದಿಯಾಯಿತು. ವರಾಂಡಕ್ಕೆ ಬಂದು, ‘ಕೇಳ್ದೆ ಕಣಕ್ಕ. ಬೇಡ ಅಂದ್ಲು’ ಅಂದ. ತನುಜ ಅವನನ್ನು ಒಂದು ನೋಟ ನೋಡಿ ಒಳಗೆ ಹೋದಳು. ಆ ವಾರ ಕಳೆಯುವುದರೊಳಗೆ ಆದಿಲಕ್ಷ್ಮಮ್ಮ ತೀರಿಕೊಂಡಳು. ಬೆಳಗಿನ ಹೊತ್ತು, ತನುಜ ಕಾಫಿ ತರಲು ಹೋಗಿದ್ದಾಗ, ಯಾರಿಗೂ ತೊಂದರೆ ಕೊಡದೆ ಹೋದಳು.

ತಿಥಿಯ ಹಿಂದಿನ ದಿನ ಸೂತಕ ಕಳೆಯಲು ಮನೆಗೆ ಸುಣ್ಣ ಹೊಡೆಯುವುದು ಅಲ್ಲಿಯ ಪದ್ಧತಿ. ಆದಿಲಕ್ಷ್ಮಮ್ಮನ ತಂಗಿ ಗಂಗುಲಮ್ಮ ಯಾರನ್ನೂ ಕೇಳದೆ ಒಂದು ಬಕೆಟ್ಟು ಸುಣ್ಣ ಕಲಸಿಕೊಂಡು ಬಂದಳು. ಬಂದವಳು ಗೋಡೆಯೆದುರು ನಿಂತೇ ಇದ್ದಳು. ಎಲ್ಲಿ ಬಳಿಯುವುದು? ‘ಹೊಡೀರಿ ಚಿಕ್ಕಮ್ಮ’ ಎಂದ ಮುನೇಶ. ‘ಇದ್ರ ಮೇಲೆ ಹಿಡಿಯಲ್ಲ ಕಣಪ್ಪ. ಅಕ್ಕಂಗೇ ಹಿಡೀಲಿಲ್ಲ’ ಎಂದು ಅವಳು ಹೊಸ್ತಿಲ ಎರಡು ಬದಿಗೆ ಒಂದೊಂದು ಬೊಟ್ಟು ಇಟ್ಟು, ಉಳಿದದ್ದನ್ನು ಬಚ್ಚಲ ಬಳಿ ಸುರಿದುಬಿಟ್ಟಳು.

ಮಾರನೆಯ ದಿನ ಬೀದಿಯಲ್ಲೇ ಶಾಮಿಯಾನ ಹಾಕಿ ಊಟಕ್ಕಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊಂಡಮ್ಮ ಬಂದಳು. ಆಸ್ಪತ್ರೆಯಲ್ಲಿ ತನುಜ ತಿಥಿಯ ದಿನ ಹೇಳಿದ್ದಳಂತೆ. ಅಷ್ಟರಲ್ಲಿ ಗುಣವಾಗಿ ಮನೆಗೆ ಹೋಗಿದ್ದವಳು, ಬಸ್ಸು ಬದಲಾಯಿಸಿಕೊಂಡು ಅಷ್ಟು ದೂರದಿಂದ ಕೋಲೂರಿಕೊಂಡು ಬಂದಿದ್ದಳು. ಕಾಲೋನಿಯ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ, ತಿರುಗಿ ಬಂದು, ಶಾಮಿಯಾನದಲ್ಲಿ ತನುಜಳನ್ನು ಕಂಡ ಮೇಲೆಯೇ ಕೂತಳು. ಪಟಕ್ಕೆ ಕೈಮುಗಿದು, ಎಲೆಯ ಮುಂದೆ ಕೂತು ಉಂಡಳು. ಉಣ್ಣುವಾಗಲೂ ಅವಳ ಕಣ್ಣು ಬೀದಿಯ ಮನೆಗಳ ಮೇಲೆಲ್ಲ ಓಡಾಡುತ್ತಿತ್ತು.

ಮುನೇಶನೇ ಅವಳನ್ನು ಬಸ್ಸಿಗೆ ಬಿಡಲು ಹೊರಟ. ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ಅವಳು 'ಉಸ್ಸಪ್ಪಾ' ಎಂದು ಕಟ್ಟೆಯ ಮೇಲೆ ಕೂತಳು.

‘ಎಲ್ಲಾ ಚೆಂದಾಗಿ ಮಾಡಿದ್ಯಪ್ಪ ನಾಯನಾ. ನಿಮ್ಮಮ್ಮ ಎಲ್ಲಿದ್ರೂ ತಣ್ಣಗಿರ್ಲಿ. ನಂದು ಒಂದು ಆಸೆ ಮಾತ್ರ ಹಂಗೇ ಉಳ್ಕಂತು. ಆಯಮ್ಮನ ಮನೆ ತೋರಿಸ್ಲೇ ಇಲ್ವಲ್ಲ ನೀನು?’

‘ಯಾವ್ ಮನೆ ಅಮ್ಮ?’

‘ನೀನು ಕಟ್ಟಿಸ್ಕೊಟ್ಟಿದ್ಯಲ್ಲ, ಅದೇ. ಬೀದಿ ಎಲ್ಲಾ ನೋಡ್ದೆ, ಕಾಣ್ಲಿಲ್ಲ. ನೀವು ಊಟಕ್ಕಿಟ್ಟಿದ್ದ ಕಡೆ ಯಾರ್ದೋ ಇನ್ನೂ ಕಟ್ತಾ ಇರೋ ಮನೆ ಇತ್ತು. ಹಾಲಿನಂಗೆ ಬೆಳ್ಳಗೈತೆ, ಬಸ್ ಇಳಿದ್ರೆ ಅಲ್ಲಿಂದ್ಲೇ ಕಾಣ್ತದೆ ಅಂದಿದ್ಲಪ್ಪ ನಿಮ್ಮಮ್ಮ. ಕೆಳಗೆ ಕೆಮ್ಮಣ್ಣು ಪಟ್ಟಿ. ದಿನಾ ಅದೇ ಮಾತು ನನ್ ಹತ್ರ. ನನ್ ಮಗ ತಾನೇ ನಿಂತ್ಕಂಡು ಸುಣ್ಣ ಹೊಡ್ಸಿದ ಕಣಕ್ಕ, ನನ್ ಕೈಗೆ ಒಂದು ತೊಟ್ಟು ಸುಣ್ಣ ಸೋಕಿಸ್ಲಿಲ್ಲ, ಬೀದಿ ಆಚೆ ನಿಂತ್ಕಂಡು ಸುಮ್ನೆ ನೋಡಮ್ಮ ಅಂದ ಅಂತ ಹೇಳೋಳು. ಬರೋ ಯುಗಾದಿಗೆ ಬಾ ಅಕ್ಕ, ನಮ್ಮನೆ ನೋಡೀವಂತೆ ಅಂತ ಕರೆದಿದ್ಲು. ಅಷ್ಟರಾಗೆ ಹಿಂಗಾಯ್ತು. ಅದಕ್ಕೇ ನೋಡ್ಕಂಡಾದ್ರೂ ಹೋಗಣ ಅಂತ ಬಂದೆ.’

ಮುನೇಶ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಸಾವಿನ ದಿನದಿಂದ ಅವನು ಅತ್ತಿರಲಿಲ್ಲ. ಓಡಾಟದಲ್ಲಿ ಅಳಲು ಬಿಡುವಾಗಿರಲಿಲ್ಲ.

‘ಆ ಮನೆ ನಾನು ಕಟ್ಲೇ ಇಲ್ಲಮ್ಮ.’

ಕೊಂಡಮ್ಮನಿಗೆ ಏನೂ ಅರ್ಥವಾಗಲಿಲ್ಲ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಅವಳು ಕೋಲೂರಿ ಎದ್ದು, ಅವನ ಮುಖವನ್ನೇ ನೋಡಿದಳು.

‘ಹಂಗಂದ್ರೆ ಏನಪ್ಪ? ಮತ್ತೆ ಆಯಮ್ಮ ಹೇಳ್ತಿದ್ದದ್ದು ಯಾರ್ ಮನೆ?’

ಮುನೇಶ ಮರದ ಕೆಳಗೆ ಕಾಯುತ್ತಿದ್ದ ಅಷ್ಟು ಜನರ ಮುಂದೆ, ಬಸ್ಸು ಬಂದು ನಿಂತದ್ದೂ ತಿಳಿಯದೆ, ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.